ಆ ಮೊದಲ ಗಂಟೆ ನಿಮ್ಮದು

ನರ್ಸಿಂಗ್ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ನಾಳೆ ನಿಮಗೆ ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಬೀಳುತ್ತದೆ. ಬೆಳಗಿನ ಜಾವ ಒಬ್ಬ ರೈತ ಎದೆ ಹಿಡಿದುಕೊಂಡು ಬರುತ್ತಾನೆ. “ಗ್ಯಾಸ್ಟ್ರಿಕ್ ಇರ್ಬೇಕು ಸಿಸ್ಟರ್, ಸೋಡಾ ಕುಡಿದ್ರೂ ಹೋಗ್ಲಿಲ್ಲ” ಎನ್ನುತ್ತಾಳೆ ಹೆಂಡತಿ. ಅವನನ್ನು ಬೆಂಚಿನ ಮೇಲೆ ಕಾಯಿಸಬೇಡಿ. ಇದು ಹೃದಯಾಘಾತವಿರಬಹುದು, ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಿರಿ.

ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಉಚಿತವಾಗಿ ಬಂದಿದೆ. ಹೊತ್ತಿನ ಬೆಲೆ ಎಷ್ಟೆಂದು 1986ರಲ್ಲೇ ಇಟಲಿಯ ದೊಡ್ಡ ಅಧ್ಯಯನವೊಂದು ತೋರಿಸಿತ್ತು: ನೋವು ಶುರುವಾದ ಒಂದು ಗಂಟೆಯೊಳಗೆ ಇಂಥದ್ದೇ ಔಷಧಿ ಪಡೆದವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಆದರೆ ಔಷಧಿ ಡಬ್ಬಿಯಲ್ಲಿ ಬರುತ್ತದೆ, ಪಳಗಿದ ಕೈ ಡಬ್ಬಿಯಲ್ಲಿ ಬರುವುದಿಲ್ಲ. ಪುಡಿಗೆ ನೀರು ಬೆರೆಸಿದ ಮೇಲೆ ವಯಲ್ ಕುಲುಕಬಾರದು, ನೊರೆ ಏಳುತ್ತದೆ. ಬೆರಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸಬೇಕು. ಡೆಕ್ಸ್‌ಟ್ರೋಸ್ ಹರಿದ ಐವಿ ಲೈನಿಗೆ ಇದನ್ನು ಬಿಟ್ಟರೆ ಔಷಧಿ ಅಲ್ಲೇ ಗಷ್ಟುಗಟ್ಟುತ್ತದೆ. ಮೊದಲು ಸಲೈನ್ ಹಾಯಿಸಿ. ತೂಕ 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ, 90 ಮುಟ್ಟಿದರೆ 50. ಎಪ್ಪತ್ತೈದು ದಾಟಿದವರಿಗೆ ಅರ್ಧ ಡೋಸ್ ಸಾಕೆಂದು ಡಾಕ್ಟರ್ ಹೇಳಬಹುದು. ಕಣ್ಣಳತೆಗೆ ಇಲ್ಲಿ ಜಾಗವಿಲ್ಲ.

ಏಕೆಂದರೆ ಹೃದಯದ ಹೆಪ್ಪು ಕರಗಿಸುವ ಈ ಔಷಧಿಯೇ ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ತರುತ್ತದೆ. ಕೊಡಬೇಕೋ ಬೇಡವೋ ಎಂಬ ತೀರ್ಮಾನ ಡಾಕ್ಟರರದು, ನಿಜ. ಆದರೆ ಮನೆಯವರು ಡಾಕ್ಟರ ಮುಂದೆ ಹೇಳದ್ದನ್ನು ನಿಮ್ಮ ಹತ್ತಿರ ಹೇಳುತ್ತಾರೆ. ಹಿಂದೆ ಸ್ಟ್ರೋಕ್ ಆಗಿತ್ತೇ? ಈಚೆಗೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತೇ? ಮಲ ಕಪ್ಪಗೆ ಹೋಗುತ್ತಿದೆಯೇ? ಕೇಳಿ. ನೋವಿಗೆಂದು ಸೊಂಟಕ್ಕೆ ಚುಚ್ಚುವ ಸೂಜಿ ಮಾತ್ರ ಖಂಡಿತ ಬೇಡ, ಅಲ್ಲೇ ರಕ್ತ ಕಟ್ಟಿಕೊಳ್ಳುತ್ತದೆ.

ಟ್ರೈನಿಂಗ್ ಆದೇಶ ಬರಲೆಂದು ಕೂರಬೇಡಿ. ಕೇಳಿ ಪಡೆಯಿರಿ, ಸಿಗದಿದ್ದರೆ ಮತ್ತೆ ಕೇಳಿ. ಖಾಲಿ ವಯಲ್‌ಗೆ ನೀರು ತುಂಬಿ, ಕಣ್ಣು ಮುಚ್ಚಿದರೂ ತಪ್ಪದಷ್ಟು ಸಲ ಅಭ್ಯಾಸ ಮಾಡಿ. ಇಸಿಜಿಯ ಲೀಡ್‌ಗಳನ್ನು ಒಬ್ಬರಿಗೊಬ್ಬರು ಹಚ್ಚಿ ಕಲಿಯಿರಿ.

ಟೆನೆಕ್ಟೆಪ್ಲೇಸ್ ಸೂಜಿ ಕೊಟ್ಟ ಮೇಲೆ ಆ ರೈತನ ಪಕ್ಕದಿಂದ ಕದಲಬೇಡಿ. ಬಿಪಿ ನೋಡಿ, ಮಾನಿಟರ್ ನೋಡಿ, ಹೆಸರು ಕೇಳುತ್ತಿರಿ. ಮಾತು ತೊದಲಿದರೆ, ತಲೆನೋವೆಂದರೆ ಆ ಕ್ಷಣವೇ ಡಾಕ್ಟರನ್ನು ಕೂಗಿ. ಒಂದೂವರೆ ಗಂಟೆಯೊಳಗೆ ಇನ್ನೊಂದು ಇಸಿಜಿ ತೆಗೆದು ಹಳೆಯದರ ಪಕ್ಕ ಹಿಡಿಯಿರಿ, ಮೇಲೆದ್ದಿದ್ದ ಗೆರೆ ಇಳಿದಿದೆಯೇ ನೋಡಿ. ಆಂಬುಲೆನ್ಸ್ ಹತ್ತಿಸುವ ಮುನ್ನ ಎರಡನ್ನೂ ರೆಫರಲ್ ಚೀಟಿಗೆ ಪಿನ್ ಮಾಡಿ, ಸೂಜಿ ಕೊಟ್ಟ ಗಂಟೆ ನಿಮಿಷ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.