ಯಾವ ಭುಜಕ್ಕೆ ಏಳೋದು?

2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದಾಗ ನನಗೂ ಒಂದು ಆಸೆ ಹುಟ್ಟಿತ್ತು. ಅದು ಕೈಗೂಡಿದ್ದು ಇಲ್ಲಿ, ನಾಗಪುರದ ಮಿಹಾನ್‌ಗೆ ಕೆಲಸಕ್ಕೆ ಬಂದ ಮೇಲೆ. ಇಲ್ಲಿನ ಬಿಸಿಲು ಗೊತ್ತಲ್ಲ, ಬೆಳಗ್ಗೆ ಆರಕ್ಕೇ ಕ್ಲಾಸು.

ನಡಿಗೆ ಸುಲಭ. ಪಜೀತಿ ಶುರುವಾಗೋದು ಟ್ರಾಟ್‌ನಲ್ಲಿ, ಅಂದ್ರೆ ಕುಕ್ಕುಲೋಟದಲ್ಲಿ. ಅದರಲ್ಲಿ ಎರಡೇ ತಾಳ: ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು. ಸವಾರ ಒಂದು ತಾಳಕ್ಕೆ ಜೀನಿನಿಂದ ಏಳ್ತಾನೆ, ಇನ್ನೊಂದಕ್ಕೆ ಕೂರ್ತಾನೆ. ಯಾವುದಕ್ಕೆ ಏಳೋದು?

ಸುತ್ತು ಹಾಕುವಾಗ ಹೊರಗಿನ ಭುಜ ಮುಂದೆ ಹೋದಾಗ ಏಳಬೇಕು. ಎಡಕ್ಕೆ ಸುತ್ತುತ್ತಿದ್ದರೆ ಬಲ ಭುಜ. ಆ ಕ್ಷಣ ಒಳಗಿನ ಹಿಂಗಾಲೂ ಗಾಳಿಯಲ್ಲಿರುತ್ತೆ. ಬೆನ್ನ ಮೇಲೆ ನಮ್ಮ ಭಾರ ಕುಕ್ಕದೆ ಇದ್ರೆ ಅದು ಹೊಟ್ಟೆಯಡಿಗೆ ಸಲೀಸಾಗಿ ಬರುತ್ತೆ. ತಿರುವಿನಲ್ಲಿ ಹೆಚ್ಚು ಭಾರ ಹೊರೋದು ಆ ಕಾಲೇ. ದಿಕ್ಕು ಬದಲಿಸಿದಾಗ ಒಂದು ತಾಳ ಹೆಚ್ಚಿಗೆ ಕೂತು ಮತ್ತೆ ಏಳೋದು. ವೈಟ್‌ಬೋರ್ಡ್ ಮೇಲೆ ಐದು ನಿಮಿಷದ ವಿಷಯ. ನನಗೆ ನಾಲ್ಕು ತಿಂಗಳು ಹಿಡೀತು.

ಕಾರಣ, ನಾನು ಯಾವ ಕಡೆ ಸುತ್ತಿದರೂ ಬಲ ಭುಜಕ್ಕೇ ಏಳ್ತಿದ್ದೆ. ಎಡಕ್ಕೆ ಹೋಗುವಾಗ ಅದೇ ಸರಿ. ಅರ್ಧ ಸಲ ಸರಿಯಾದ ಉತ್ತರ ಕೊಡೋ ಬಗ್ ಎಷ್ಟು ದಿನ ಬಚ್ಚಿಟ್ಟುಕೊಂಡಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅನುಮಾನ ಬಂದಾಗ ಬಗ್ಗಿ ಭುಜ ನೋಡ್ತಿದ್ದೆ. ಬಗ್ಗಿದರೆ ನನ್ನ ಭಾರವೆಲ್ಲ ಮುಂದಕ್ಕೆ, ಕುದುರೆಯ ಲಯವೇ ಕೆಡ್ತಿತ್ತು.

ಒಂದು ದಿನ ಕೋಚ್ ಅವಳನ್ನ ಖಾಲಿ ಬೆನ್ನಲ್ಲಿ ಎರಡೂ ಕಡೆ ಓಡಿಸಿ ತೋರಿಸಿದ್ರು. ಎಡಕ್ಕೆ ನೀರು ಹರಿದ ಹಾಗೆ, ಬಲಕ್ಕೆ ಬಿಗಿ. ಕಲಿಯೋರು ಸುಮಾರು ಜನ ನನ್ನ ಹಾಗೇ ಅಂತೆ. ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಇದು ಭೋಸಲೆಯವರ ಊರು. ಮರಾಠಾ ದಂಡಿನಲ್ಲಿ ಸ್ವಂತ ಕುದುರೆ ತಂದವನು ಶಿಲೇದಾರ, ಸರ್ಕಾರದ ಕುದುರೆ ಏರಿದವನು ಬಾರ್ಗೀರ. ನಾನು ಬಾರ್ಗೀರ. ಗಂಟೆ ಮುಗಿದರೆ ದುಡ್ಡು ಕೊಟ್ಟು ಆಫೀಸಿಗೆ ಹೊರಡ್ತೀನಿ, ನನ್ನ ತಪ್ಪು ಅವಳ ಬೆನ್ನಲ್ಲೇ ಉಳಿಯುತ್ತೆ.

ಆಮೇಲೆ ಕೋಚ್ ಉದ್ದ ಹಗ್ಗ ಹಿಡಿದು ಅವಳನ್ನ ನಡೆಸ್ತಾ, ನನಗೆ ಕಣ್ಣು ಮುಚ್ಚೋಕೆ ಹೇಳಿದ್ರು. ಹೊರಗಿನ ಭುಜ ಮುಂದೆ ಹೋದಾಗೆಲ್ಲ ನಾನು ‘ಈಗ’ ಅನ್ನಬೇಕು. ಮೊದಲ ದಿನ ಬರೀ ಊಹೆ. ಎರಡು ವಾರಕ್ಕೆ ಸೊಂಟಕ್ಕೇ ಗೊತ್ತಾಗೋಕೆ ಶುರುವಾಯ್ತು. ಆಮೇಲೆ ಟ್ರಾಟ್.

ಹೋದ ಭಾನುವಾರ ಬಲಕ್ಕೆ ತಿರುಗಿದೆ, ಒಂದು ತಾಳ ಹೆಚ್ಚಿಗೆ ಕೂತೆ, ಎದ್ದೆ. ಮೂರು ಸುತ್ತು ಆದ್ಮೇಲೆ, ತಲೆ ಬಗ್ಗಿಸದೆ, ಕಣ್ಣಷ್ಟೇ ಇಳಿಸಿ ನೋಡಿದೆ. ಎಡ ಭುಜವೇ. ಅವಳು ಆ ಕಡೆಗೆ ಇನ್ನೂ ಸ್ವಲ್ಪ ಬಿಗಿಯಾಗೇ ಇದ್ದಾಳೆ.