ಗೋಡೆಯ ಮೇಲಿನ ಬಂಗಾಳಿ ನೋಟೀಸು

(ಡಮ್ ಡಮ್‌ನಲ್ಲಿ ಸೇರಿದ್ದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮಗೆ ಒಪ್ಪಿಸಿರುವ ವಿಷಯ, ರಾಜ್ಯದಲ್ಲಿ ಪರಿಸರ ಶಿಕ್ಷಣ ಮತ್ತು ಸಾಕ್ಷರತೆಯ ಪ್ರಸಾರ. ವಿಷಯ ದೊಡ್ಡದು, ನಮ್ಮ ಓದು ಚಿಕ್ಕದು. ಏಳನೆಯ ತರಗತಿಯವರೆಗೆ ಶಾಲೆ ಕಂಡವರು ನಾವು. ಉಳಿದ ವಿದ್ಯೆಯನ್ನು ಒಲೆಯ ಎದುರಿಗೂ ಮೋರಿಯ ಪಕ್ಕದಲ್ಲಿಯೂ ಆಮೇಲೆ ಸಂಘದ ಕೋಣೆಯಲ್ಲಿಯೂ ಕಲಿತೆವು. ಆದಕಾರಣ ಪಂಡಿತರಂತೆ ಮಾತಾಡುವ ಹವ್ಯಾಸ ನಮಗಿಲ್ಲ. ನೀವೆಲ್ಲರೂ ಈ ಸಭೆಗೆ ಬರುವಾಗ ದಾಟಿ ಬಂದ ಒಂದು ಗೋಡೆಯಿಂದಲೇ ಮಾತು ತೊಡಗುತ್ತೇವೆ.

ಆ ಗೋಡೆಯ ಮೇಲೆ ಒಂದು ನೋಟೀಸು ಅಂಟಿಸಿದ್ದಾರೆ. ಮೇಲೆ ಒಂದು ಸೊಳ್ಳೆಯ ಚಿತ್ರ, ಕೆಳಗೆ ಏಳೆಂಟು ಸಾಲು ಬಂಗಾಳಿ. ಅದನ್ನು ಓದಿ ಬಂದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಬೇಕೆಂದು ಕೇಳುವುದಿಲ್ಲ. ಕೇಳಿದರೆ ಎತ್ತುವ ಕೈಗಳನ್ನು ಎಣಿಸಲು ನಮ್ಮ ಬೆರಳುಗಳೇ ಸಾಕು.

ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ತುಂಬಿದವನು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲವನಾದರೆ ಸಾಕ್ಷರ. 2011ರ ಗಣತಿಯಲ್ಲಿ ಪಶ್ಚಿಮ ಬಂಗಾಳದ ಸಾಕ್ಷರತೆ ನೂರಕ್ಕೆ 76 ಚಿಲ್ಲರೆ, ಕರ್ನಾಟಕದ್ದು 75 ಚಿಲ್ಲರೆ. ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಬಲ್ಲ ನಾವು ಎಲ್ಲಿ ಎಣಿಸಿದರೂ ಸಾಕ್ಷರರ ಸಾಲಿನಲ್ಲಿಯೇ ನಿಲ್ಲುತ್ತೇವೆ. ಆದರೆ ಡಮ್ ಡಮ್‌ನ ಗೋಡೆಯ ಮುಂದೆ ನಾವು ನಿರಕ್ಷರಿಗಳು. ಯಾವ ಸರ್ಕಾರದ ಪಟ್ಟಿಯಲ್ಲಿಯೂ ಇಂಥ ನಿರಕ್ಷರಿಗಳಿಗೆ ಒಂದು ಅಂಕಣವಿಲ್ಲ. 2022ರಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ‘ಉಲ್ಲಾಸ್’ ಎಂಬ ಸಾಕ್ಷರತಾ ಕಾರ್ಯಕ್ರಮವೂ 15 ವರ್ಷ ಮೀರಿದ, ಅಕ್ಷರವೇ ಬಾರದವರಿಗಾಗಿ. ಅದು ಒಳ್ಳೆಯ ಕೆಲಸವೇ. ಆದರೆ ಊರು ಬಿಟ್ಟು ಬಂದು, ಊರಿನ ಅಕ್ಷರ ಇಲ್ಲಿ ನಡೆಯದ ನಾಣ್ಯವಾದವನ ಗತಿ ಏನು? ಮುಖ್ಯವಾಗಿ ಇದನ್ನೇ ತಮ್ಮ ಮುಂದಿಡಬೇಕೆಂದಿದ್ದೇವೆ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ” ಎಂದು ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಪಿಸುಗುಟ್ಟಿದ್ದು ಕೇಳಿಸಿತು. ಸಂಬಳ, ರಜೆ, ಮಲಗಲು ಜಾಗ ಇವುಗಳ ಮಾತು ಬಿಟ್ಟು ಸಂಘ ಪರಿಸರ ಎಂದು ಹೊರಟಿದೆಯಲ್ಲ ಎಂಬ ಆಕ್ಷೇಪಣೆ ಅದು. ಆಕ್ಷೇಪಣೆ ನ್ಯಾಯವಾದದ್ದು, ಉತ್ತರ ಕೊಡಬೇಕಾದದ್ದು.

ದಕ್ಷಿಣ ಡಮ್ ಡಮ್‌ನಲ್ಲಿ 2017ರಲ್ಲಿಯೂ 2023ರಲ್ಲಿಯೂ ಡೆಂಗಿ ಹೇಗೆ ಹಬ್ಬಿತೆಂಬುದನ್ನು ಇಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ಮಾಣಿಯೊಬ್ಬ ಹತ್ತು ದಿನ ಜ್ವರದಿಂದ ಮಲಗಿದರೆ ಹತ್ತು ದಿನದ ಕೂಲಿ ಹೋಯಿತು, ಆಸ್ಪತ್ರೆಯ ಖರ್ಚು ಬಂತು, ಊರಿಗೆ ಹೋಗಬೇಕಾಗಿದ್ದ ಮನಿಯಾರ್ಡರು ನಿಂತಿತು. ಮನಿಯಾರ್ಡರು ಎಂದದ್ದು ಹಳೆಯ ಬಾಯಿರೂಢಿ. ಈಗ ಮೊಬೈಲಿನಲ್ಲಿ ಕಳುಹಿಸುತ್ತೇವೆ. ಹೇಗೆ ಕಳುಹಿಸಿದರೂ ಇದ್ದರೆ ತಾನೇ ಹೋಗುವುದು! ಹಾಗಾದರೆ ಸೊಳ್ಳೆಯ ವಿಷಯ ಸಂಬಳದ ವಿಷಯ ಹೌದೋ ಅಲ್ಲವೋ?

ಈ ರೋಗದ ಸೊಳ್ಳೆ ಕೊಳಕು ಮೋರಿಯಲ್ಲಿ ಹುಟ್ಟುವುದಕ್ಕಿಂತ ನಿಂತ ತಿಳಿನೀರಿನಲ್ಲಿ ಹುಟ್ಟುವುದು ಹೆಚ್ಚು. ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಈಗ ನಮ್ಮ ಹೋಟೆಲುಗಳ ಹಿತ್ತಲನ್ನು ನೆನೆದುಕೊಳ್ಳಿ. ಚಟ್ನಿಗೆ ತೆಂಗಿನಕಾಯಿ ತುರಿದು ಎಸೆದ ಕರಟಗಳ ರಾಶಿ. ಒಂದು ಮಳೆ ಬಂದರೆ ಪ್ರತಿಯೊಂದು ಕರಟವೂ ಒಂದು ತೊಟ್ಟಿಲು. ಎಣ್ಣೆಯ ಖಾಲಿ ಡಬ್ಬಗಳು, ಚಹಾ ಕುಡಿದು ಎಸೆದ ಮಣ್ಣಿನ ಭಾಂಡಗಳು, ಮುಚ್ಚಳವಿಲ್ಲದ ನೀರಿನ ಪೀಪಾಯಿ, ಎಲ್ಲವೂ ಹಾಗೆಯೇ. ನೀರು ಚೆಲ್ಲಿದರೆ ಆಯಿತೆಂದು ತಿಳಿಯಬೇಡಿ. ಆ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಮೈಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಸಾಯದೆ ಇರಬಲ್ಲದು. ನೀರು ಮುಟ್ಟಿದೊಡನೆ ಮತ್ತೆ ಜೀವ ತಳೆಯುತ್ತದೆ. ವಾರಕ್ಕೊಮ್ಮೆ ಪೀಪಾಯಿಯನ್ನು ಬರಿದು ಮಾಡಿ ಉಜ್ಜಿ ತೊಳೆಯಬೇಕು. ಉಜ್ಜುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಯಾಕೆ ಉಜ್ಜಬೇಕೆಂಬುದನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಗೋಡೆಯ ಮೇಲಿನ ನೋಟೀಸಿನಲ್ಲಿ ‘ಜಮಾ ಜಲ್’, ಅಂದರೆ ನಿಂತ ನೀರು, ಎಂಬ ಎರಡು ಶಬ್ದಗಳಿವೆ. ಸೊಳ್ಳೆಯ ಚಿತ್ರ ನೋಡಿ ಸೊಳ್ಳೆಬತ್ತಿ ಹಚ್ಚಿ ಮಲಗಿದೆವು. ಆ ಎರಡು ಶಬ್ದ ಓದಿದ್ದರೆ ಕರಟ ಬೋರಲು ಹಾಕುತ್ತಿದ್ದೆವು. ಚಿತ್ರ ನೋಡುವುದಕ್ಕೂ ಅಕ್ಷರ ಓದುವುದಕ್ಕೂ ಇರುವ ಅಂತರ ಇಷ್ಟು.

ಇನ್ನು ಬಾಗಜೋಲಾ ಕಾಲುವೆ. ಬರಾನಗರ, ಡಮ್ ಡಮ್ ಕಡೆಯ ಕೊಳೆನೀರನ್ನೂ ಮಳೆನೀರನ್ನೂ ಹೊತ್ತು ಪೂರ್ವಕ್ಕೆ ರಾಜಾರ್‌ಹಾಟದ ದಾರಿ ಹಿಡಿಯುವ ಕಾಲುವೆ ಅದು. ಅದು ಕಟ್ಟಿಕೊಂಡರೆ ನೀರು ಮೊದಲು ನುಗ್ಗುವುದು ಎತ್ತರದ ಮಹಡಿಗಳಿಗಲ್ಲ, ನಾವು ಚಾಪೆ ಹಾಸುವ ನೆಲಮಟ್ಟದ ಕೋಣೆಗಳಿಗೆ. 2025ರ ಸೆಪ್ಟೆಂಬರ್ 23ರ ಹೊತ್ತಿಗೆ ಕೋಲ್ಕತ್ತದಲ್ಲಿ ಒಂದು ದಿನದೊಳಗೆ 250 ಮಿಲಿಮೀಟರಿನಷ್ಟು ಮಳೆ ಸುರಿಯಿತು. ನಿಂತ ನೀರಿನಲ್ಲಿ ವಿದ್ಯುತ್ ತಗುಲಿ ಹಲವರು ಪ್ರಾಣ ಕಳೆದುಕೊಂಡರು. ಅಷ್ಟು ಮಳೆಗೆ ಯಾವ ಕಾಲುವೆಯೂ ಸಾಲದು, ನಿಜ. ಆದರೆ ದಿನವೂ ಬೀಳುವ ಪ್ಲಾಸ್ಟಿಕ್ ಚೀಲವೂ, ನಮ್ಮ ಮೋರಿಗಳಿಂದ ಹೋಗಿ ಹೆಪ್ಪುಗಟ್ಟುವ ಜಿಡ್ಡೂ ಆ ಕಾಲುವೆಯ ಗಂಟಲನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಇದರಲ್ಲಿ ಒಂದು ವಿಚಿತ್ರವೂ ಇದೆ. ಹೂಗ್ಲಿಯ ದಡದಲ್ಲಿ ಸೆಣಬಿನ ಗಿರಣಿಗಳಿವೆ. ಧಾನ್ಯ, ಸಕ್ಕರೆಗಳನ್ನು ಸೆಣಬಿನ ಚೀಲದಲ್ಲಿಯೇ ತುಂಬುವಂತೆ ಮಾಡಲು 1987ರಲ್ಲಿ ಕಾಯಿದೆಯನ್ನೇ ತಂದರು. ಗಿರಣಿಯ ನಮ್ಮ ಸೋದರರ ಅನ್ನ ಆ ಚೀಲದಲ್ಲಿದೆ. ಆದರೂ ಸಂಜೆ ತರಕಾರಿ ತರಲು ನಾವು ಬರಿಗೈಯಲ್ಲಿ ಹೋಗಿ ಪ್ಲಾಸ್ಟಿಕ್ಕಿನಲ್ಲಿ ಹೊತ್ತು ತರುತ್ತೇವೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 1991ರ ನವೆಂಬರ್ 22ರಂದು, ಎಂ. ಸಿ. ಮೆಹ್ತಾ ಎಂಬ ವಕೀಲರು ಹಾಕಿದ್ದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟು ಒಂದು ಆಜ್ಞೆ ಮಾಡಿತು. ಸಿನಿಮಾ ಮಂದಿರಗಳಲ್ಲಿ ಪ್ರತಿ ಆಟಕ್ಕೂ ಪರಿಸರದ ಸ್ಲೈಡುಗಳನ್ನು ಬಿಟ್ಟಿಯಾಗಿ ತೋರಿಸಬೇಕು, ರೇಡಿಯೋ ದೂರದರ್ಶನಗಳಲ್ಲಿ ಹೇಳಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕು ಎಂದು. ಶಾಲೆಯ ಪಾಠ ಬಂತು. ಬಂಗಾಳದ ಮೂರನೆಯ ತರಗತಿಯ ಮಗುವಿನ ಚೀಲದಲ್ಲಿ ‘ಆಮಾದೇರ್ ಪೊರಿಬೇಶ್’ ಎಂಬ ಪುಸ್ತಕವಿದೆ, ‘ನಮ್ಮ ಪರಿಸರ’ ಎಂದರ್ಥ. ಆದರೆ ಸಿನಿಮಾದ ಸ್ಲೈಡು, ರೇಡಿಯೋದ ಮಾತು ಎಂದು ಕೋರ್ಟು ಹೇಳಿದ್ದು ಶಾಲೆ ದಾಟಿ ಹೋದವರಿಗಾಗಿ, ಅಂದರೆ ನಮ್ಮಂಥವರಿಗಾಗಿ. ಆ ಭಾಗ ಸೊರಗಿತು. ಪರಿಸರ ಶಿಕ್ಷಣವೆಂದರೆ ಮಕ್ಕಳ ಚಿತ್ರಸ್ಪರ್ಧೆ, ಜೂನ್ 5ಕ್ಕೆ ಒಂದು ಗಿಡ, ಒಂದು ಫೋಟೋ ಎಂಬಂತಾಯಿತು. ಗಿಡ ನೆಡುವುದು ಬೇಡವೆಂದಲ್ಲ. ಆದರೆ ಪೇಟೆಯ ಕಸವನ್ನು ಕೈಯಿಂದ ಮುಟ್ಟುವವರು ನಾವು, ಎಣ್ಣೆ ಸುರಿಯುವವರು ನಾವು, ನೀರು ಹಿಡಿದಿಡುವವರು ನಾವು. ಪಾಠ ಮಾತ್ರ ಬೇರೆ ಕಡೆ ನಡೆಯುತ್ತಿದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅಕ್ಷರ ಬಾರದವನಿಗೆ ಏನೂ ಗೊತ್ತಿಲ್ಲವೆಂದು ತಿಳಿಯುವವರಿಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಿನಗೂಲಿಗೆ ದುಡಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವ ತಾಯಿಮರದ ಬೀಜ ಒಳ್ಳೆಯದು ಎಂಬುದನ್ನು ದೊಡ್ಡ ದೊಡ್ಡ ಅಧಿಕಾರಿಗಳು ಅವರನ್ನು ಕೇಳಿ ತಿಳಿಯುತ್ತಿದ್ದರು. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಈ ಊರಿನಲ್ಲಿಯೂ ಅದೇ ಕಥೆ. ಕೋಲ್ಕತ್ತ ಪಟ್ಟಣದ ಕೊಳೆನೀರು ಪೂರ್ವದಿಕ್ಕಿನ ಜೌಗಿನಲ್ಲಿ ಏನಾಗುತ್ತದೆಂದು ನೋಡಲು 1980ರ ದಶಕದ ಆರಂಭದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರು ಕಾಲುವೆ ಹಿಡಿದು ಹೊರಟರು. ಅಲ್ಲಿ ಕಂಡದ್ದು ಮೀನುಗಾರರ ಕೆರೆಗಳು, ಅವರ ಮಾತಿನಲ್ಲಿ ‘ಭೇರಿ’. ಆಳವಿಲ್ಲದ ಕೆರೆಗೆ ಕೊಳೆನೀರನ್ನು ಅಳತೆಯಿಂದ ಬಿಟ್ಟು, ಬಿಸಿಲಿಗೆ ನಿಲ್ಲಿಸಿ, ಪಾಚಿ ಬೆಳೆಯಲು ಬಿಟ್ಟು, ಆ ಪಾಚಿಯನ್ನು ಮೀನಿಗೆ ಉಣಿಸಿ, ನೀರನ್ನು ತಿಳಿಯಾಗಿಸುವ ವಿದ್ಯೆ ಅವರದು. ಕಾಲೇಜು ಕಂಡವರಲ್ಲ. ಎಂಜಿನಿಯರು ಅವರನ್ನು ಗುರುಗಳೆಂದು ಬಗೆದು ಕಲಿತರು, ಕಲಿತದ್ದನ್ನು ಲೋಕಕ್ಕೆ ಬರೆದು ತಿಳಿಸಿದರು. 1992ರಲ್ಲಿ ಕಲ್ಕತ್ತಾ ಹೈಕೋರ್ಟು ಆ ಜೌಗನ್ನು ಮುಚ್ಚಬಾರದೆಂದಿತು; 2002ರಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು; 2006ರಲ್ಲಿ ರಾಜ್ಯ ಅದಕ್ಕೊಂದು ಕಾಯಿದೆ ಮಾಡಿತು. ಮೀನುಗಾರರಿಗೆ ವಿದ್ಯೆ ಇತ್ತು, ಆದರೆ ಅರ್ಜಿ ಬರೆಯುವ ಅಕ್ಷರ ಬೇರೆಯವರ ಕೈಯಲ್ಲಿತ್ತು. ಆ ಅಕ್ಷರ ಸಿಗುವವರೆಗೆ ಜೌಗಿನ ಎಷ್ಟೋ ಭಾಗದ ಮೇಲೆ ಮನೆಗಳೆದ್ದಿದ್ದವು.

ಈಗ ಬಂಗಾಳಿಯ ಮಾತು. ಹೆದರಬೇಡಿ. ಕ ಖ ಗ ಘ ಎಂಬ ಅದೇ ವರ್ಣಮಾಲೆ, ಅದೇ ಸಾಲು. ರೂಪ ಬೇರೆ, ಅಷ್ಟೆ. ಅ ಎಂದು ಬರೆದದ್ದನ್ನು ಇವರು ಬಹಳ ಕಡೆ ಒ ಎಂದು ಓದುತ್ತಾರೆ. ಕನ್ನಡ ಬಲ್ಲವನಿಗೆ ಎರಡು ತಿಂಗಳ ಕೆಲಸ. ಕಸದ ತೊಟ್ಟಿಯ ಮೇಲೆ ಬರೆದಿರುವ ‘ಪೊಚೊನ್‌ಶೀಲ್’ ಎಂಬುದನ್ನು ಬಿಡಿಸಿ ನೋಡಿ: ಪಚನಶೀಲ. ಅಡುಗೆ ಮನೆಯವರಿಗೆ ಪಚನವೆಂದರೇನೆಂದು ಹೇಳಬೇಕೆ? ಮಣ್ಣು ಜೀರ್ಣಿಸಿಕೊಳ್ಳಬಲ್ಲದ್ದು ಆ ತೊಟ್ಟಿಗೆ: ಬಾಳೆಲೆ, ಎಂಜಲು, ತರಕಾರಿ ಸಿಪ್ಪೆ, ಕಾಫಿ ಗಷ್ಟು. ಜೀರ್ಣವಾಗದ್ದು ಇನ್ನೊಂದಕ್ಕೆ. ನಮಗೆ ಬಹಳ ಹಿಡಿಸಿದ್ದು ಇನ್ನೊಂದು ಶಬ್ದ. ಬಂಗಾಳಿಯಲ್ಲಿ ‘ಪೊರಿಬೇಶ್’ ಎಂದರೆ ಪರಿಸರ; ‘ಪೊರಿಬೇಶನ್’ ಎಂದರೆ ಬಡಿಸುವುದು. ಒಂದಕ್ಷರ ಸೇರಿಸಿದರೆ ನಮ್ಮ ಕಸುಬೇ ಬಂತು! ಪಂಡಿತರು ಇವುಗಳ ಮೂಲದ ಬಗ್ಗೆ ಏನೆನ್ನುವರೋ ಅವರಿಗೇ ಬಿಡೋಣ. ನೆನಪಿಡಲು ನಮಗೆ ಇದಕ್ಕಿಂತ ಸುಲಭದ ದಾರಿ ಬೇಡ.

ಕಲಿಯುವ ಹೊರೆಯೆಲ್ಲ ಕೆಲಸಗಾರನ ತಲೆಯ ಮೇಲೆಯೇ ಎಂದು ನಾವು ಒಪ್ಪುವುದಿಲ್ಲ. ಎರಡು ತೊಟ್ಟಿ ಇಡದ ಮಾಲಿಕರು ಕ್ಲೀನರ್ ಹುಡುಗನನ್ನು ಬೈಯುವುದು ಯಾವ ನ್ಯಾಯ? ಕಾದು ಕಾದು ಕೆಟ್ಟ ಎಣ್ಣೆಯ ವಿಷಯವೂ ಹಾಗೆಯೇ. 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ: ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ನೂರಕ್ಕೆ 25 ಮೀರಿದರೆ ಅದನ್ನು ಅಡುಗೆಗೆ ಬಳಸುವ ಹಾಗಿಲ್ಲ. ಅದನ್ನು ಮೋರಿಗೂ ಚೆಲ್ಲಬೇಕಾಗಿಲ್ಲ. ಡೀಸೆಲ್ ಮಾಡುವವರು ಕೊಂಡುಕೊಳ್ಳುತ್ತಾರೆ. ಭಟ್ಟರಿಗೆ ಈ ನಿಯಮ ಗೊತ್ತಿದ್ದರೆ, “ಸ್ವಾಮೀ, ಈ ಎಣ್ಣೆ ಆಗುವುದಿಲ್ಲ” ಎನ್ನಲು ನಾಲಗೆಗೆ ಬಲ ಬರುತ್ತದೆ. ಗೊತ್ತಿಲ್ಲದವನು ಸುಮ್ಮನೆ ಕರಿಯುತ್ತಾನೆ, ಆ ಹೊಗೆಯನ್ನೂ ತಾನೇ ಕುಡಿಯುತ್ತಾನೆ.

ಪುರಸಭೆಯವರಿಗೂ ಒಂದು ವಿನಂತಿ ಪತ್ರ ಸಿದ್ಧವಾಗಿದೆ. ಬಂಗಾಳಿಯ ನೋಟೀಸು ಬಂಗಾಳಿಯಲ್ಲಿಯೇ ಇರಲಿ. ಇದು ಅವರ ನಾಡು, ನಮಗೆ ಅನ್ನ ಕೊಟ್ಟ ನಾಡು. ಆದರೆ ಅದರ ಒಂದು ಪ್ರತಿಯನ್ನು ಮುಂಚಿತವಾಗಿ ಸಂಘಕ್ಕೆ ಕೊಟ್ಟರೆ ಕನ್ನಡದಲ್ಲಿ ಬರೆದು ಹೋಟೆಲುಗಳಲ್ಲಿ ಅಂಟಿಸುವ ಖರ್ಚು ನಮ್ಮದು. ಒರಿಯಾ, ತೆಲುಗು, ಬಿಹಾರದ ಕಡೆಯ ಕೆಲಸಗಾರರ ಸಂಘಗಳೂ ಹೀಗೆಯೇ ಕೇಳಲಿ. ರಾಜ್ಯದ ತುಂಬ ಪರಿಸರ ಶಿಕ್ಷಣ ಹಬ್ಬಬೇಕಾದರೆ ರಾಜ್ಯದಲ್ಲಿ ದುಡಿಯುವವರೆಲ್ಲರ ಕಿವಿಗೂ ಅದು ಬೀಳಬೇಕಲ್ಲವೆ? ಪತ್ರಕ್ಕೆ ಸಹಿ ಬೇಕು. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲಿರುತ್ತದೆ.

ತರಗತಿ ಮಂಗಳವಾರದಿಂದ ಆರಂಭ. ಆದಿತ್ಯವಾರ ಹೋಟೆಲಿನವರಿಗೆ ಉಸಿರಾಡಲೂ ಬಿಡುವಿಲ್ಲ, ಆದ್ದರಿಂದ ಮಂಗಳವಾರ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ಮುಂಚೆ, ಮೂರರಿಂದ ನಾಲ್ಕು ಗಂಟೆ. ಗಿರಣಿಯ ಪಾಳಿಯವರಿಗೆ ಅದೇ ಪಾಠ ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ. ಶುಲ್ಕವಿಲ್ಲ. ಮನೆಯಲ್ಲಿ ಬಂಗಾಳಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಮೂರನೆಯ ತರಗತಿಯ ‘ಆಮಾದೇರ್ ಪೊರಿಬೇಶ್’ ಪುಸ್ತಕವನ್ನು ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ. ಸಾಧ್ಯವಾದರೆ ಮಗುವನ್ನೂ ಕರೆದು ತನ್ನಿ, ಉಚ್ಚಾರ ತಿದ್ದಲು ಬೇಕು. ಮೊದಲ ಪಾಠ ಆ ಗೋಡೆಯ ಬಳಿಯಲ್ಲಿಯೇ ನಿಂತು. ಮಳೆ ಬಂದರೆ ಸಂಘದ ಕೋಣೆಯಲ್ಲಿ.