ಕರೆದ ಮನೆಯ ಧರ್ಮ

ಗುಬ್ಬಿಯ ಜಾತ್ರೆಗೋ ಕುಣಿಗಲಿನ ಮದುವೆಗೋ ಹೋದವರು ಊಟದ ರುಚಿಯನ್ನು ಮರೆತಾರು; ಕರೆದವರ ಮುಖವನ್ನು ಮರೆಯರು. 1951ರ ಮಾರ್ಚಿಯಲ್ಲಿ ನಮ್ಮ ದೇಶವೇ ಕರೆದ ಮನೆಯಾಯಿತು. ಮೊದಲನೆಯ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ಕಣಕ್ಕಿಳಿದ ರಾಷ್ಟ್ರಗಳು ನಾವೂ ಸೇರಿ 11. ಮೂರು ವರ್ಷಗಳ ಹಿಂದೆ ಲಂಡನ್ನಿನ ಒಲಿಂಪಿಕ್ ಕೂಟಕ್ಕೆ ಕರೆಯಿಲ್ಲದಿದ್ದ ಜಪಾನಿಗೂ ಇಲ್ಲಿ ಎಲೆ ಹಾಕಿದೆವು. ಅದು 24 ಚಿನ್ನದ ಪದಕಗಳನ್ನು ಕೊಂಡೊಯ್ದಿತು, ನಮಗೆ 15. ಕಾಲ್ಚೆಂಡಿನ ಚಿನ್ನ ಮಾತ್ರ ಇರಾನನ್ನು ಮಣಿಸಿ ನಮ್ಮದಾಯಿತು; ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರಿದ್ದರು. ಅತಿಥಿಗೆ ಹೆಚ್ಚು ಬಡಿಸಿದೆವೆಂದು ಕೊರಗಿದ ಮನೆಯುಂಟೆ? ತುಮಕೂರಿನ ಬಯಲಿಗೆ ನಿಮ್ಮ ಮಕ್ಕಳು ನೆರೆಯೂರಿನ ತಂಡವನ್ನು ಆಟಕ್ಕೆ ಕರೆದಾಗ, ಗೆದ್ದಿರಾ ಎನ್ನುವುದಕ್ಕೆ ಮೊದಲು, ಬಂದವರಿಗೆ ನೀರು ಕೊಟ್ಟಿರಾ ಎಂದು ಕೇಳಿರಿ.